ಒಪ್ಪಿಸಿಕೊಂಡವಳು

ಘಾಜಿಯಾಬಾದ್
3 ಸೆಪ್ಟೆಂಬರ್ 2025

ಅಹಲ್ಯಾ ಆಂಟಿಗೆ,

ನಾನು ಆ ಕಾಲೇಜಿನಲ್ಲಿ ಓದುತ್ತಿಲ್ಲ. ಯಾವ ಕಾಲೇಜಿನಲ್ಲೂ ಓದುತ್ತಿಲ್ಲ. ಹನ್ನೆರಡನೇ ಕ್ಲಾಸಿನ ಮಧ್ಯದಲ್ಲಿ ಶಾಲೆ ಬಿಟ್ಟವಳು ನಾನು. ಮೂರು ವರ್ಷದಿಂದ ಇದನ್ನು ಮನೆಯ ಹೊರಗೆ ಯಾರಿಗೂ ಹೇಳಿಲ್ಲ. ಕೇಳಿದವರಿಗೆಲ್ಲ ಅಮ್ಮ "ಕರೆಸ್ಪಾಂಡೆನ್ಸ್‌ನಲ್ಲಿ ಮಾಡ್ತಿದ್ದಾಳೆ" ಅನ್ನುತ್ತಾಳೆ. ನಾನು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತೇನೆ.

ಹೆಸರು ನೆನಪಾಗದಿದ್ದರೆ ಹೇಳುತ್ತೇನೆ. ಜುಲೈ 21ರಂದು, ಸ್ಫೂರ್ತಿಯ ಓರಿಯಂಟೇಷನ್ ದಿನ, ಕಿತ್ತಳೆ ಬಣ್ಣದ ಟೀ ಶರ್ಟ್ ಹಾಕಿಕೊಂಡು ನಿಮ್ಮ ಮೂವರನ್ನು ಗೇಟಿನಿಂದ ಆಡಿಟೋರಿಯಂಗೆ, ಅಲ್ಲಿಂದ ಲ್ಯಾಬಿಗೆ, ಲ್ಯಾಬಿನಿಂದ ಊಟದ ಶಾಮಿಯಾನಕ್ಕೆ ಕರೆದುಕೊಂಡು ಹೋದ ಹುಡುಗಿ ನಾನು. ಹಂಸಿನಿ. ನೀವು ಹನುಮಂತ ಅಂಕಲ್ ಕಡೆ ತಿರುಗಿ "ಕನ್ನಡದ ಹುಡುಗಿ ಕಣ್ರೀ" ಎಂದಾಗ ನಿಮ್ಮ ಮುಖದಲ್ಲಿ ಬೆಳಗ್ಗಿನಿಂದ ಇದ್ದ ಗಂಟು ಬಿಚ್ಚಿಹೋಯಿತು. ಅದನ್ನು ನಾನು ನೋಡಿದೆ.

ಫೋನ್ ಮಾಡಬಹುದಿತ್ತು. ಅವತ್ತು ನಿಮ್ಮ ಫಾರ್ಮ್ ತುಂಬಿದವಳು ನಾನೇ, ಬಿಡದಿಯ ಹೊಸ ಮನೆಯ ವಿಳಾಸವೂ ನಂಬರೂ ನನ್ನ ಹತ್ತಿರ ಇವೆ. ಆದರೆ ಎದುರಿನವರ ದನಿ ಕೇಳಿದರೆ ಅವರಿಗೆ ಏನು ಬೇಕೋ ಅದನ್ನೇ ಹೇಳುವ ಅಭ್ಯಾಸ ಆ ಕೆಲಸದಲ್ಲಿ ನನಗೆ ಹತ್ತಿಬಿಟ್ಟಿದೆ. ಕಾಗದದಲ್ಲಾದರೆ ನೀವು ಮಧ್ಯೆ ಮಾತಾಡುವುದಿಲ್ಲ. ಅಮ್ಮ ಚಿಕ್ಕಂದಿನಲ್ಲಿ ಭಾನುವಾರ ಭಾನುವಾರ ಕೂರಿಸಿ ಬರೆಸಿದ ಕನ್ನಡ ಇದು, ತಪ್ಪಿದ್ದರೆ ಸಹಿಸಿ.

ನಮ್ಮದು ಒಂದು ಏಜೆನ್ಸಿ. ಮದುವೆಗೆ ಹೂ ಕೊಡುವ ಹುಡುಗಿಯರು ಬೇಕೆಂದರೆ ಕಳಿಸುತ್ತದೆ, ಮಾಲ್‌ನಲ್ಲಿ ಶ್ಯಾಂಪೂ ಹಂಚಲು ಕಳಿಸುತ್ತದೆ, ಜುಲೈ ಬಂದರೆ ಕಾಲೇಜುಗಳಿಗೆ ಕಳಿಸುತ್ತದೆ. ಅವತ್ತು ನಾವು ಇಪ್ಪತ್ತೆರಡು ಜನ ಇದ್ದೆವು. ಆ ಕಾಲೇಜಿನವರು ನಾಲ್ಕೇ ಮಂದಿ, ಉಳಿದ ಸೀನಿಯರ್‌ಗಳನ್ನು ರಜೆಯೆಂದು ಮನೆಗೆ ಕಳಿಸಿದ್ದರು. ಹೊಸಬರ ಎದುರು ಅವರು ಬಾಯಿ ಬಿಡಬಾರದಲ್ಲ. ವೇದಿಕೆ ಮೇಲೆ ನಿಂತು ತನಗೆ ಗುರುಗ್ರಾಮದಲ್ಲಿ ಕೆಲಸ ಸಿಕ್ಕ ಕಥೆ ಹೇಳಿದನಲ್ಲ ಅಭಿಷೇಕ್, ಅಂಕಲ್ ಜೋರಾಗಿ ಚಪ್ಪಾಳೆ ಹೊಡೆದರಲ್ಲ, ಅವನು ಲಕ್ಷ್ಮೀನಗರದ ಮೆಟ್ರೋ ಕೆಳಗೆ ಮೊಬೈಲ್ ಕವರ್ ಮಾರುತ್ತಾನೆ.

ಹಿಂದಿನ ದಿನ ನಮಗೆ ಪಾಠ ಇತ್ತು. ಏಜೆನ್ಸಿಯ ಸಂದೀಪ್ ಭಯ್ಯಾ ಹೇಳಿಕೊಟ್ಟದ್ದು: ಮೊದಲು ನಗಬೇಕು, ಆಮೇಲೆ ಉತ್ತರ. "ನಮ್ಮ ಕಾಲೇಜು" ಅನ್ನಬೇಕು. "ನಾನು ಇಲ್ಲಿಯ ವಿದ್ಯಾರ್ಥಿ" ಎಂದು ಮಾತ್ರ ಬಾಯಿಬಿಟ್ಟು ಹೇಳಬಾರದು, ಅವರೇ ಅಂದುಕೊಳ್ಳುತ್ತಾರೆ. ತಂದೆ ಪ್ಲೇಸ್‌ಮೆಂಟ್ ಕೇಳುತ್ತಾನೆ, ತಾಯಿ ಹಾಸ್ಟೆಲ್ ಬಾತ್‌ರೂಮ್ ಕೇಳುತ್ತಾಳೆ, ಹುಡುಗರು ಏನೂ ಕೇಳುವುದಿಲ್ಲ. ಹಿಂದಿನ ಕಟ್ಟಡದ ಕಡೆ ಯಾರನ್ನೂ ಬಿಡಬಾರದು. ದೀಪ ಹಚ್ಚುವಾಗ ಎದ್ದು ನಿಲ್ಲಬೇಕು.

ಲ್ಯಾಬ್ ವಿಷಯ ಹೇಳಲೇಬೇಕು. ಸ್ಫೂರ್ತಿ ಸೇರಿರುವುದು ಮೆಡಿಕಲ್ ಲ್ಯಾಬ್ ಟೆಕ್ನಾಲಜಿಗೆ. ನೀವು ನೋಡಿದ ಹನ್ನೆರಡು ಮೈಕ್ರೋಸ್ಕೋಪ್ ಹಿಂದಿನ ಸಂಜೆ ಟೆಂಪೋದಲ್ಲಿ ಬಾಡಿಗೆಗೆ ಬಂದವು. ಬಿಚ್ಚಿ ಜೋಡಿಸಿದವರಲ್ಲಿ ನಾನೂ ಒಬ್ಬಳು. ಅಂಗಡಿಯವನ ಸ್ಟಿಕ್ಕರ್ ಕೀಳುವುದಕ್ಕೆ ಹೋಗಿ ಉಗುರು ಮುರಿದಿತ್ತು. ನೀವು ಒಂದಕ್ಕೆ ಕಣ್ಣಿಟ್ಟು "ಏನೂ ಕಾಣ್ತಿಲ್ಲವಲ್ಲಮ್ಮ" ಎಂದಿರಿ. ನಾನು "ಕರೆಂಟ್ ಇಲ್ಲ ಆಂಟಿ" ಎಂದೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಮಾರನೆಯ ದಿನ ಟೆಂಪೋ ಬಂದು ಎಲ್ಲವನ್ನೂ ತೆಗೆದುಕೊಂಡು ಹೋಯಿತು.

ಇವೆಲ್ಲ ಏಜೆನ್ಸಿ ಹೇಳಿಸಿದ ಸುಳ್ಳು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಹುದು. ಒಂದಕ್ಕೆ ಆಗುವುದಿಲ್ಲ. ಊಟದ ಹತ್ತಿರ ನೀವು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಿರಿ: ಮಾನೇಸರ್‌ನ ಕಾರ್ಖಾನೆಯಿಂದ ಅಂಕಲ್‌ಗೆ ಬಿಡದಿಗೆ ವರ್ಗವಾಗಿದೆ, ಅವರಿಗೆ ಮಗಳನ್ನೂ ಕರೆದುಕೊಂಡು ಹೋಗುವ ಮನಸ್ಸು, ಅವಳು ಇಲ್ಲೇ ಓದುತ್ತೇನೆ ಅನ್ನುತ್ತಾಳೆ, ಇವತ್ತು ನೋಡಿ ತೀರ್ಮಾನ ಮಾಡೋಣ ಎಂದು ಬಂದಿದ್ದೇವೆ. ಆಮೇಲೆ ನೇರವಾಗಿ ಕೇಳಿದಿರಿ, "ನೀನೂ ಇಲ್ಲೇ ಓದ್ತೀಯೇನಮ್ಮ? ಬಿಟ್ಟುಹೋಗಬಹುದಾ?"

ನಾನು "ಹೂಂ ಆಂಟಿ, ಥರ್ಡ್ ಇಯರ್ ಬಿಬಿಎ. ಬಿಟ್ಟುಹೋಗಿ, ನಾನಿದ್ದೀನಿ" ಎಂದೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ನೀವು ಸ್ಫೂರ್ತಿಯ ಕೈಯನ್ನು ತಂದು ನನ್ನ ಕೈಯಲ್ಲಿಟ್ಟು, "ಇವಳನ್ನ ನಿನಗೆ ಒಪ್ಪಿಸ್ತಿದ್ದೀನಿ" ಎಂದಿರಿ. ಮದುವೆಯಲ್ಲಿ ಹೆಣ್ಣು ಒಪ್ಪಿಸುವ ಹಾಗೆ. ಅಂಕಲ್ ನಕ್ಕು, "ಹಾಲಿನ ಬಟ್ಟಲು ಒಂದು ಬಾಕಿ" ಎಂದರು. ಅವಳು ನಾಚಿಕೊಂಡು ಕೈ ಎಳೆದುಕೊಂಡಳು. ಆಮೇಲೆ ನಂಬರ್ ಕೇಳಿದಳು. ನಾನು ಕೊನೆಯ ಅಂಕೆ ಬದಲಾಯಿಸಿ ಕೊಟ್ಟೆ.

ಹೋದ ಶನಿವಾರ ತಡವಾಗಿ ಸೇರಿದವರಿಗೆಂದು ಇನ್ನೊಂದು ಓರಿಯಂಟೇಷನ್ ಇತ್ತು. ಅದೇ ಟೀ ಶರ್ಟ್ ಹಾಕಿಕೊಂಡು ಹೋದೆ. ಕ್ಯಾಂಟೀನಿನ ಮೂಲೆಯಲ್ಲಿ ಸ್ಫೂರ್ತಿ ಒಬ್ಬಳೇ ಕೂತಿದ್ದಳು. ನಾನು ಕಂಬದ ಹಿಂದೆ ಅಡಗಿಕೊಂಡೆ. ಇಪ್ಪತ್ತು ವರ್ಷದವಳು, ಕಂಬದ ಹಿಂದೆ. ಅವಳು ಎದ್ದು ಹೋಗುವವರೆಗೂ ನಿಂತಿದ್ದೆ. ಸಂಜೆ ಟೀ ಶರ್ಟ್ ವಾಪಸು ಕೊಟ್ಟು ಕೆಲಸ ಬಿಟ್ಟೆ.

ಅವಳನ್ನು ಅಲ್ಲಿಂದ ಬಿಡಿಸಿ. ಕ್ಷಮಿಸಿ ಎಂದು ಬರೆಯುತ್ತಿಲ್ಲ, ಅದನ್ನು ಕೇಳುವ ಕಾಗದ ಇದಲ್ಲ.

ಹಂಸಿನಿ


ಬಿಡದಿ
13 ಸೆಪ್ಟೆಂಬರ್ 2025

ಹಂಸಿನಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೂರನೆಯ ಸಲ ಓದಲು ಮನಸ್ಸಾಗಲಿಲ್ಲ.

ನೀನು ಅವತ್ತು ಸುಳ್ಳು ಹೇಳಿದೆ, ಇವತ್ತು ನಿಜ ಹೇಳುತ್ತಿದ್ದೀಯ ಎಂದು ನಾನು ಹೇಗೆ ನಂಬಲಿ? ಕೆಲಸ ಹೋಯಿತೆಂದು ಆ ಕಾಲೇಜಿನ ಮೇಲೆ ಹೊಟ್ಟೆಕಿಚ್ಚಿಗೆ ಬರೆದಿರಬಹುದು. ಸ್ಫೂರ್ತಿ ದಿನಾ ಸಂಜೆ ಫೋನ್ ಮಾಡುತ್ತಾಳೆ. ಊಟ ಚೆನ್ನಾಗಿದೆ, ಕ್ಲಾಸ್ ಚೆನ್ನಾಗಿದೆ, ರೂಮಿನ ಹುಡುಗಿಯರು ಚೆನ್ನಾಗಿದ್ದಾರೆ ಅನ್ನುತ್ತಾಳೆ. ನಿನ್ನ ವಿಷಯ ಕೇಳಿದರೆ, "ಹಂಸಿನಿ ಅಕ್ಕ ಬಿಜಿ ಇರ್ತಾರೆ ಅಮ್ಮ, ಆಗಾಗ ಸಿಗ್ತಾರೆ" ಅನ್ನುತ್ತಾಳೆ.

ಇದನ್ನು ಬರೆಯುವಾಗ ನನಗೆ ಅನಿಸುತ್ತಿದೆ. ನೀನು ಸಿಗುವುದಿಲ್ಲ ಎಂದು ನೀನೇ ಬರೆದಿದ್ದೀಯ. ಹಾಗಾದರೆ ಅವಳು ಉಳಿದದ್ದನ್ನೂ ಹಾಗೇ ಹೇಳುತ್ತಿದ್ದಾಳೆಯೇ?

ನಾನು ಆಸ್ಪತ್ರೆಯಲ್ಲಿ ಹದಿನಾರು ವರ್ಷ ನರ್ಸ್ ಆಗಿದ್ದವಳು. ಮೈಕ್ರೋಸ್ಕೋಪ್ ನೋಡಿದಾಗಲೇ ಗೊತ್ತಾಗಬೇಕಿತ್ತು. ಗೊತ್ತಾಗಿತ್ತು ಅಂತಲೂ ಇರಬಹುದು. ನೀನು ಕನ್ನಡದಲ್ಲಿ ಉತ್ತರ ಕೊಟ್ಟೆಯಲ್ಲ, ಅದಕ್ಕೆ ಬಿಟ್ಟೆ. ಇನ್ನೊಬ್ಬರು ಹೇಳಿದ್ದರೆ ಸ್ವಿಚ್ ಹಾಕಿ ನೋಡುತ್ತಿದ್ದೆ.

ಇವರಿಗೆ ಇನ್ನೂ ಹೇಳಿಲ್ಲ. ಇವರು ಹೊಸ ಲೈನಿನಲ್ಲಿ ಮೂರು ಶಿಫ್ಟ್ ಮಾಡುತ್ತಿದ್ದಾರೆ, ಕೇಳಿದರೆ ನಿಂತ ಕಾಲಿನಲ್ಲೇ ರೈಲು ಹತ್ತುತ್ತಾರೆ.

ಅಷ್ಟು ನಿಜ ಹೇಳುವವಳಾದರೆ ನೀನೇ ಹೋಗು. ಕಂಬದ ಹಿಂದೆ ಅಲ್ಲ, ಅವಳ ಎದುರಿಗೆ. ನೋಡಿ ಬಂದು ಇದ್ದದ್ದನ್ನು ಇದ್ದ ಹಾಗೆ ಬರೆ. ಕೂಡಿಸುವುದೂ ಬೇಡ, ಕಳೆಯುವುದೂ ಬೇಡ.

ಅಹಲ್ಯಾ


ಘಾಜಿಯಾಬಾದ್
24 ಸೆಪ್ಟೆಂಬರ್ 2025

ಅಹಲ್ಯಾ ಆಂಟಿಗೆ,

ಭಾನುವಾರ ಹೋಗಿದ್ದೆ. ಇದ್ದ ಹಾಗೆ ಬರೆಯುತ್ತೇನೆ.

ಗೇಟಿನ ಗಾರ್ಡ್ ನನ್ನನ್ನು ಗುರುತು ಹಿಡಿದು ಸಲ್ಯೂಟ್ ಹೊಡೆದ. ಹಾಸ್ಟೆಲ್‌ನವರು ವಿಸಿಟರ್ ರಿಜಿಸ್ಟರ್‌ನಲ್ಲಿ "ಸಂಬಂಧ" ಎಂಬ ಕಡೆ ಏನಾದರೂ ಬರೆಯಲೇಬೇಕು ಎಂದರು. ಅಕ್ಕ ಎಂದು ಬರೆಯಲು ಕೈ ಬರಲಿಲ್ಲ, ಗೆರೆ ಎಳೆದೆ.

ಸ್ಫೂರ್ತಿ ಮೆಟ್ಟಿಲಿಳಿದು ಬಂದು, ನನ್ನನ್ನು ನೋಡಿ, ಎರಡು ಮೆಟ್ಟಿಲು ಮೇಲೇ ನಿಂತಳು. ತೆಳ್ಳಗಾಗಿದ್ದಾಳೆ. ಕೂದಲು ಕತ್ತರಿಸಿಕೊಂಡಿದ್ದಾಳೆ, ನಿಮಗೆ ವಿಡಿಯೋದಲ್ಲಿ ಕಂಡಿರಲಿಕ್ಕಿಲ್ಲ, ತಲೆಯ ಮೇಲೆ ದುಪಟ್ಟಾ ಹಾಕಿಕೊಂಡು ಮಾತಾಡುತ್ತೇನೆ ಎಂದಳು.

"ಅಚ್ಛಾ, ಇದ್ದೀಯಾ ನೀನು" ಎಂದಳು. "ಹುಡುಗಿಯರಿಗೆ ತೋರಿಸ್ಬೇಕು, ನಿಲ್ಲು, ಕರೀತೀನಿ."

ಯಾಕೆ ಎಂದು ಕೇಳಿದೆ. ಮೊದಲ ವಾರ ಅವಳು ಬಿಬಿಎ ಥರ್ಡ್ ಇಯರ್ ಕ್ಲಾಸಿನ ಮುಂದೆ ನಿಂತು ನನ್ನನ್ನು ವಿಚಾರಿಸಿದ್ದಾಳೆ. ಅಲ್ಲಿ ಅಂಥವರು ಯಾರೂ ಇಲ್ಲ. ಎರಡು ದಿನ ಬಿಟ್ಟು ಮತ್ತೆ ಹೋಗಿದ್ದಾಳೆ. ಆಮೇಲೆ ಹಾಸ್ಟೆಲ್ಲಿನಲ್ಲಿ ಅದೇ ಆಟವಾಯಿತು. ಬೆಳಿಗ್ಗೆ ಹಲ್ಲುಜ್ಜುವಾಗ ಯಾರಾದರೊಬ್ಬರು "ಭೂತ್ ದೀದಿ ಸಿಕ್ಕಳಾ?" ಎಂದು ಕೇಳುವುದು, ಉಳಿದವರು ನಗುವುದು. ಅವಳಿಗೂ ಅದೇ ಹೆಸರು ಬಿದ್ದಿದೆ, ಭೂತ್.

"ಲ್ಯಾಬ್ ಇಲ್ಲ ಅಂತ ನನಗೆ ಮೊದಲ ದಿನವೇ ಗೊತ್ತಾಯ್ತು" ಎಂದಳು. "ಬಯೋಕೆಮಿಸ್ಟ್ರಿ ಸರ್ ವಾರಕ್ಕೆ ಎರಡು ದಿನ ಬರ್ತಾರೆ. ರಕ್ತ ಹೇಗೆ ತೆಗೀಬೇಕು ಅಂತ ಬಾಲ್‌ಪೆನ್ ಹಿಡಿದು ತೋರಿಸಿದ್ರು. ನಾವು ಹನ್ನೊಂದು ಜನ, ಒಬ್ಬರ ಕೈಗೆ ಒಬ್ಬರು ಪೆನ್ ಚುಚ್ಚಿದ್ವಿ. ಅದಕ್ಕೆ ನನಗೆ ಕೋಪ ಇಲ್ಲ, ಕಾಲೇಜು ಅಂದ್ರೆ ಇಷ್ಟೇ ಇರ್ಬಹುದು ಅಂದ್ಕೊಂಡೆ. ನಂಬರ್ ಯಾಕೆ ತಪ್ಪು ಕೊಟ್ಟೆ?"

ನಾನು ಅವಳು ನಿಂತಿದ್ದ ಮೆಟ್ಟಿಲನ್ನು ನೋಡಿದೆ.

"ಆ ನಂಬರ್ ಮೇರಠ್‌ನ ಒಂದು ಟೈರ್ ಅಂಗಡಿಯವರದ್ದು. ನೀನೇ ತಮಾಷೆ ಮಾಡ್ತಿದ್ದೀಯ ಅಂತ ಮೂರು ಸಲ ಮಾಡಿದೆ. ನಾಲ್ಕನೇ ದಿನ ಅವರೇ ಫೋನ್ ಮಾಡಿ, ಬೇಟಾ, ನಿನ್ನ ದೀದಿ ಸಿಕ್ಕಳಾ, ಊಟ ಮಾಡಿದ್ಯಾ ಅಂದ್ರು. ಈಗಲೂ ಭಾನುವಾರ ಮಾಡ್ತಾರೆ. ನಿನಗಿಂತ ಅವರೇ ವಾಸಿ."

ಕ್ಲಾಸಿಗೆ ಹೋಗುವುದನ್ನು ಬಿಟ್ಟು ಹದಿನೆಂಟು ದಿನವಾಗಿದೆ. ಊಟ ಮೆಸ್ ಮುಚ್ಚುವ ಹೊತ್ತಿಗೆ, ಯಾರೂ ಇಲ್ಲದಾಗ. ನಿಮಗೆ ಯಾಕೆ ಹೇಳಿಲ್ಲ ಎಂದೆ. "ಪಪ್ಪಾ ಕರ್ಕೊಂಡು ಹೋಗ್ತೀನಿ ಅಂದ್ರು, ನಾನು ಹಠ ಮಾಡಿದೆ. ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ. ನೀನೂ ಹೇಳಬೇಡ" ಎಂದಳು. ಹೇಳುತ್ತೇನೆ ಎಂದೆ. "ಹಾಂ, ಹೇಳು. ನಿನಗೆ ಯಾವಾಗ ಬೇಕೋ ಆವಾಗ ನಿಜ ನೆನಪಾಗುತ್ತೆ" ಎಂದು ಹೇಳಿ ಮೇಲೆ ಹೋದಳು.

ಕೂಡಿಸಿಲ್ಲ, ಕಳೆದಿಲ್ಲ.

ಹಂಸಿನಿ


ಬಿಡದಿ
4 ಅಕ್ಟೋಬರ್ 2025

ಹಂಸಿನಿಗೆ,

ಇವರಿಗೆ ಹೇಳಿದೆ. ಊಟದ ತಟ್ಟೆ ಸರಿಸಿ ಎದ್ದು ಹೋದರು. ರಾತ್ರಿ ಸ್ಫೂರ್ತಿಗೆ ಫೋನ್ ಮಾಡಿ, "ನಿನ್ನ ತಪ್ಪಲ್ಲ ಮಗಳೇ" ಎಂದು ಒಂದೇ ಮಾತು ಹೇಳಿದರು. ಅವಳು ಎಷ್ಟು ಅತ್ತಳೆಂದರೆ ಕೊನೆಗೆ ನಾನೇ ಫೋನ್ ಕಸಿದು ಇಟ್ಟೆ.

ಇಲ್ಲಿ ರಾಮನಗರದ ಒಂದು ಕಾಲೇಜಿನಲ್ಲಿ ಇದೇ ಕೋರ್ಸಿಗೆ ಸೀಟು ಇದೆ. ಲ್ಯಾಬನ್ನು ನಾನೇ ಹೋಗಿ ನೋಡಿದೆ, ಸ್ವಿಚ್ ಹಾಕಿ ನೋಡಿದೆ. ಅಕ್ಟೋಬರ್ 31 ಕೊನೆಯ ದಿನ. ಹತ್ತನೆಯ ಮತ್ತು ಹನ್ನೆರಡನೆಯ ಮೂಲ ಅಂಕಪಟ್ಟಿ ಇಲ್ಲದೆ ಸೇರಿಸಿಕೊಳ್ಳುವುದಿಲ್ಲ. ಎರಡೂ ಅಲ್ಲಿಯ ಕಾಲೇಜಿನವರ ಹತ್ತಿರ ಇವೆ. ಸೇರುವಾಗ ಪರಿಶೀಲನೆಗೆಂದು ತೆಗೆದುಕೊಂಡವರು ಕೊಟ್ಟಿಲ್ಲ. ಫೋನ್ ಮಾಡಿದರೆ ಕೋರ್ಸ್ ಮುಗಿದ ಮೇಲೆ ಅನ್ನುತ್ತಾರೆ, ಇನ್ನೊಬ್ಬರು ಎತ್ತಿದರೆ ಯೂನಿವರ್ಸಿಟಿಗೆ ಹೋಗಿದೆ ಅನ್ನುತ್ತಾರೆ. ಮೂರನೆಯವರು ಎತ್ತುವುದೇ ಇಲ್ಲ.

ಇವರಿಗೆ ದೀಪಾವಳಿ ಮುಗಿಯುವವರೆಗೆ ರಜೆ ಕೊಡುವುದಿಲ್ಲವಂತೆ. ರಜೆ ಸಿಕ್ಕರೂ ಇವರನ್ನು ಕಳಿಸಲು ನನಗೆ ಹೆದರಿಕೆ, ಯಾರದಾದರೂ ಕಾಲರ್ ಹಿಡಿದು ಬಿಡುತ್ತಾರೆ. ನನಗೆ ಹಿಂದಿ ಅಷ್ಟು ಬರುವುದಿಲ್ಲ, ಮಾನೇಸರ್‌ನಲ್ಲಿ ಆರು ವರ್ಷ ತರಕಾರಿ ಭಯ್ಯಾನ ಹತ್ತಿರ ಚೌಕಾಸಿ ಮಾಡಿದ್ದಷ್ಟೇ.

ನಿನ್ನ ಮೇಲೆ ನನಗೆ ಮರುಕವಿಲ್ಲ. ಅದನ್ನು ಬಚ್ಚಿಡುವುದಿಲ್ಲ. ಆದರೆ ಆ ಊರಿನಲ್ಲಿ ನಾನು ಮಗಳನ್ನು ಒಪ್ಪಿಸಿದ್ದು ಕಾಲೇಜಿಗಲ್ಲ, ನಿನಗೆ. ಒಪ್ಪಿಸಿಕೊಂಡವಳು ನೀನು. ಅಂಕಪಟ್ಟಿಯೂ ಅವಳೂ ನನ್ನ ಮನೆಗೆ ಬರುವವರೆಗೆ ಆ ಮಾತು ನಿನ್ನ ಮೇಲಿದೆ.

ಅಹಲ್ಯಾ


ಘಾಜಿಯಾಬಾದ್
17 ಅಕ್ಟೋಬರ್ 2025

ಅಹಲ್ಯಾ ಆಂಟಿಗೆ,

ಅಂಕಪಟ್ಟಿ ಸಿಕ್ಕಿಲ್ಲ. ಸಿಗಬಹುದಿತ್ತು. ನಾನು ಬೇಡವೆಂದು ಬಂದೆ. ಯಾಕೆಂದು ಹೇಳುತ್ತೇನೆ.

ಮೊದಲು ಅರ್ಜಿ ಬರೆಯಬೇಕಿತ್ತು. ನಮ್ಮಪ್ಪ ಚಂದ್ರಮೋಹನ ಎಂದು, ದಿಲ್ಲಿಯಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ನಾನು ಶಾಲೆ ಬಿಟ್ಟ ಮೇಲೆ ಅವರು ನನ್ನ ಜೊತೆ ಆಡುವುದು ಹಾಲು, ಗ್ಯಾಸ್, ಲಿಫ್ಟ್ ಕೆಟ್ಟಿದೆ, ಇಷ್ಟೇ. ಕಾಗದ ಪೆನ್ನು ಇಟ್ಟು ಎಲ್ಲವನ್ನೂ ಹೇಳಿದೆ. ಒಂದೂ ಪ್ರಶ್ನೆ ಕೇಳದೆ "ವಿಷಯ", "ಉಲ್ಲೇಖ" ಎಂದು ಶುರುಮಾಡಿ ಒಂದೂವರೆ ಪುಟ ಬರೆದುಕೊಟ್ಟರು. ಅದನ್ನು ಓದಿದರೆ ಯಾರಿಗಾದರೂ ಹೆದರಿಕೆಯಾಗುತ್ತದೆ. ಕೊನೆಯಲ್ಲಿ "ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಜ್ಞಾಪನ ಪತ್ರ ಹಾಕು" ಎಂದರು. ಅಷ್ಟು ದಿನ ಕಾಯಲು ಆಗುವುದಿಲ್ಲ ಅಪ್ಪ ಎಂದೆ. ಪೇಪರ್ ಎತ್ತಿಕೊಂಡರು.

ನಿನ್ನೆ ಸ್ಫೂರ್ತಿಯೂ ನಾನೂ ಹೋದೆವು. ಅಡ್ಮಿಷನ್ ಆಫೀಸರ್ ಅರ್ಜಿಯನ್ನು ಓದಲಿಲ್ಲ, ತೂಕ ನೋಡುವವರ ಹಾಗೆ ಕೈಯಲ್ಲಿ ಹಿಡಿದರು. ನಾನು ಹೇಳಿದೆ: ಕೊಡದಿದ್ದರೆ ಮೈಕ್ರೋಸ್ಕೋಪ್‌ನಿಂದ ಹಿಡಿದು ಎಲ್ಲವನ್ನೂ ಬರೆದು, ಸಹಿ ಮಾಡಿ, ಮೇಲಿನವರಿಗೆ ಕಳಿಸುತ್ತೇನೆ, ನಾನೇ ಸಾಕ್ಷಿ. ಅವರು ಯಾರಿಗೋ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಸಂದೀಪ್ ಭಯ್ಯಾ ಬಂದ.

"ಅರೇ ಹಂಸಿನಿ, ಕೆಲಸ ಬಿಟ್ಟರೆ ಬಿಡು, ನಮ್ಮ ರೊಟ್ಟಿಗೆ ಯಾಕೆ ಮಣ್ಣು ಹಾಕ್ತೀ" ಎಂದು ನಗುತ್ತಲೇ ಕೇಳಿದ. ಅವನು ಯಾವಾಗಲೂ ಮೊದಲು ನಗುತ್ತಾನೆ.

ಆಮೇಲೆ ಒಂದು ಕಾಗದ ಟೈಪ್ ಮಾಡಿ ತಂದರು. ಕನ್ನಡದಲ್ಲಿ ಬರೆದರೆ ಹೀಗೆ: "ನಾನು ಯಾರ ಅನುಮತಿಯೂ ಇಲ್ಲದೆ ಕ್ಯಾಂಪಸ್ಸಿನೊಳಗೆ ಬಂದು, ವಿದ್ಯಾರ್ಥಿನಿಯೆಂದು ನಟಿಸಿ, ಪೋಷಕರಿಗೆ ಸುಳ್ಳು ಹೇಳಿದ್ದೇನೆ. ನನ್ನನ್ನು ಯಾರೂ ಕೆಲಸಕ್ಕೆ ಇಟ್ಟುಕೊಂಡಿರಲಿಲ್ಲ. ಲ್ಯಾಬಿನ ಬಗ್ಗೆ ನಾನು ಹೇಳಿದ್ದೆಲ್ಲ ಕಟ್ಟುಕಥೆ. ಇದಕ್ಕೆ ಕ್ಷಮೆ ಕೇಳುತ್ತೇನೆ." ಕೆಳಗೆ ಸಹಿ, ಆಧಾರ್ ನಂಬರ್. ನಾನು ಸಹಿ ಮಾಡಿದ ಹೊತ್ತಿಗೇ ಅಂಕಪಟ್ಟಿ ಕೊಡುತ್ತಾರಂತೆ.

ಇದರಲ್ಲಿ ಅರ್ಧ ನಿಜ, ಅದೇ ಕಷ್ಟ. ಉಳಿದರ್ಧ ಅವರಿಗೆ ಬೇಕಾದದ್ದು. ಜನವರಿಯಲ್ಲಿ ಇನ್ನೊಂದು ಬ್ಯಾಚ್ ಸೇರುತ್ತದೆ, ಟೆಂಪೋ ಮತ್ತೆ ಬರುತ್ತದೆ. ಒಳಗಿದ್ದು ನೋಡಿ ಬಾಯಿಬಿಡುವವಳು ಸದ್ಯಕ್ಕೆ ನಾನೊಬ್ಬಳೇ. ಇದಕ್ಕೆ ಸಹಿ ಹಾಕಿದ ಮೇಲೆ ನಾನು ಎಲ್ಲಿ ಏನು ಹೇಳಿದರೂ ಈ ಕಾಗದ ತೆಗೆದು ತೋರಿಸುತ್ತಾರೆ.

ಇನ್ನೊಂದೂ ಇದೆ. ಹನ್ನೆರಡನೇ ಕ್ಲಾಸಿನಲ್ಲಿ ಫಿಸಿಕ್ಸ್ ಲ್ಯಾಬಿನ ಒಂದು ಉಪಕರಣ ಒಡೆದಿತ್ತು. ನಾನು ಒಡೆದಿರಲಿಲ್ಲ. ತಪ್ಪಾಯಿತು ಕ್ಷಮಿಸಿ ಎಂದು ಮಾಫಿನಾಮಾ ಬರೆದುಕೊಡು, ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ಅಪ್ಪ ನನ್ನ ಮುಂದೆ ಕೂತು, "ಎರಡು ಸಾಲಮ್ಮ. ಆಫೀಸಿನಲ್ಲಿ ನಾವು ದಿನಾ ಬರೀತೀವಿ" ಎಂದರು. ನಾನು ಬರೆಯಲಿಲ್ಲ. ಶಾಲೆ ಬಿಟ್ಟೆ. ಅದು ಸರಿಯೋ ತಪ್ಪೋ, ನನ್ನ ಹತ್ತಿರ ಉಳಿದಿರುವುದು ಅದೊಂದೇ. ನಿಮ್ಮ ಎದುರು ಆ ಒಂದು ದಿನ ಅದನ್ನೂ ಕೆಡಿಸಿಕೊಂಡೆ, ಮತ್ತೆ ಕೆಡಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ.

ಬೇರೆ ದಾರಿ ನೋಡುತ್ತಿದ್ದೇನೆ. ದೂರು ಕೊಡುವ ವೆಬ್‌ಸೈಟ್ ಇದೆ, ಹಾಕಿದ್ದೇನೆ. ಮೂವತ್ತು ದಿನದೊಳಗೆ ಉತ್ತರ ಎಂದು ಬಂದಿದೆ.

ಹಂಸಿನಿ


ಹಾಸ್ಟೆಲ್
20 ಅಕ್ಟೋಬರ್

ಹಂಸಿನಿ,

ಅಕ್ಕ ಅನ್ನಲ್ಲ. ನನ್ನ ಕನ್ನಡ ಬರವಣಿಗೆ ಸುಮಾರು, ಆದರೂ ಕನ್ನಡದಲ್ಲೇ ಬರೀತೀನಿ, ರೂಮಿನವರು ಓದಬಾರದು.

ಇವತ್ತು ದೀವಾಲಿ. ಫ್ಲೋರ್‌ನಲ್ಲಿ ನಾನೂ ಮಣಿಪುರದ ಇಬ್ಬರೂ ಅಷ್ಟೇ. ಮೆಸ್‌ನಲ್ಲಿ ಸೋನ್‌ಪಾಪ್ಡಿ ಕೊಟ್ರು.

ನೀನು ಅಮ್ಮನಿಗೆ ಬರೆದಿದ್ದನ್ನು ಅಮ್ಮ ಫೋನಲ್ಲಿ ಓದಿ ಹೇಳಿದ್ರು. ಓದಿ ಮುಗಿಸಿ, ಹನ್ನೊಂದು ದಿನ ಇದೆ ಅಂದ್ರು ಅಷ್ಟೇ.

ಸಹಿ ಹಾಕು ಅಂತ ನಾನು ಕೇಳಲ್ಲ. ಅವತ್ತು ಆಫೀಸಿನಲ್ಲಿ ನೀನು ಕಾಗದ ವಾಪಸ್ ತಳ್ಳಿದಾಗ ನಾನು ಪಕ್ಕದಲ್ಲೇ ಇದ್ದೆ. ನೀನು ನನ್ನ ಕಡೆ ಒಂದು ಸಲ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ನಿನ್ನ ನಿಜದಲ್ಲೂ ನೀನೇ ಇದ್ದೀಯ, ನಿನ್ನ ಸುಳ್ಳಲ್ಲೂ ನೀನೇ. ನಾನು ಎಲ್ಲಿದ್ದೀನಿ?

ಜನವರಿಯಲ್ಲಿ ಬರೋರ ಚಿಂತೆ ನಿನಗೆ ಇದೆ. ಒಳ್ಳೇದು. ನಾನು ಜುಲೈನಲ್ಲಿ ಬಂದೋಳು.

ಸ್ಫೂರ್ತಿ


ಘಾಜಿಯಾಬಾದ್
27 ಅಕ್ಟೋಬರ್ 2025

ಅಹಲ್ಯಾ ಆಂಟಿಗೆ,

ಈ ಕಾಗದವನ್ನು ಸ್ಫೂರ್ತಿಯ ಕೈಯಲ್ಲೇ ಕಳಿಸುತ್ತಿದ್ದೇನೆ, ಅವಳು ಬರುವ ಮೊದಲೇ ಓದಲೆಂದು ಇದರ ಫೋಟೋವನ್ನು ಇವತ್ತೇ ನಿಮ್ಮ ನಂಬರಿಗೂ ಹಾಕುತ್ತೇನೆ. ಹೋದ ಸಲದ್ದಕ್ಕೆ ನೀವು ಉತ್ತರ ಬರೆಯಲಿಲ್ಲ. ಬರೆಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಇವತ್ತು ಹನ್ನೊಂದೂವರೆಗೆ ಸಹಿ ಮಾಡಿದೆ.

ಸ್ಫೂರ್ತಿಯನ್ನು ಹೊರಗೆ ಕೂರಿಸಿ ಒಬ್ಬಳೇ ಒಳಗೆ ಹೋದೆ. ಅದೇ ಕಾಗದ. ನಾನು ಅಷ್ಟು ದಿನ ಸತಾಯಿಸಿದ್ದಕ್ಕೆಂದು ಒಂದು ಸಾಲು ಹೆಚ್ಚು ಸೇರಿಸಿದ್ದರು: "ನನ್ನ ಮಾನಸಿಕ ಸ್ಥಿತಿ ಆಗ ಸರಿ ಇರಲಿಲ್ಲ." ಅದನ್ನು ತೆಗೆಯಿರಿ ಎಂದೆ. ಆಫೀಸರ್ ಗಡಿಯಾರ ನೋಡಿದರು. ಅದೂ ಇರಲಿ ಎಂದೆ. ಎಲ್ಲ ಪ್ರತಿಗಳಿಗೂ ಸಹಿ, ಹೆಬ್ಬೆರಳಿನ ಗುರುತು. ಕೊನೆಯಲ್ಲಿ ಗೋಡೆಗೆ ನಿಲ್ಲಿಸಿ ಫೋಟೋ ತೆಗೆದರು, ಗೇಟಿನಲ್ಲಿ ಹಾಕುತ್ತಾರಂತೆ, ಇನ್ನು ಒಳಗೆ ಬಿಡಬಾರದವರ ಪಟ್ಟಿಯಲ್ಲಿ. ಸಂದೀಪ್ ಭಯ್ಯಾ ನನ್ನ ಬೆರಳಿನ ಮಸಿ ಒರೆಸಿಕೊಳ್ಳಲು ತನ್ನ ಕರ್ಚೀಫ್ ಕೊಟ್ಟ. ನಾನು ಪ್ಯಾಂಟಿಗೆ ಒರೆಸಿಕೊಂಡೆ.

ದೂರಿನ ವೆಬ್‌ಸೈಟಿನಿಂದ ನನ್ನ ದೂರನ್ನೂ ವಾಪಸು ತೆಗೆಸಿದರು, ಅವರ ಕಂಪ್ಯೂಟರಿನಲ್ಲೇ. ಕಾರಣ ಎಂಬ ಕಡೆ ಅವರೇ ಟೈಪ್ ಮಾಡಿದರು.

ಆಮೇಲೆ ಆಫೀಸರ್ ಕೂತಲ್ಲೇ ಕೈಗೆಟಕುವ ಡ್ರಾಯರ್ ಎಳೆದು ಕವರ್ ತೆಗೆದುಕೊಟ್ಟರು. ಯೂನಿವರ್ಸಿಟಿಗೂ ಹೋಗಿರಲಿಲ್ಲ, ಎಲ್ಲಿಗೂ ಹೋಗಿರಲಿಲ್ಲ. ಹತ್ತನೆಯದು, ಹನ್ನೆರಡನೆಯದು, ಶಾಲೆಯ ಟಿಸಿ. ನಾನು ಅಲ್ಲೇ ನಿಂತು ಸೀರಿಯಲ್ ನಂಬರನ್ನು ನೀವು ಕಳಿಸಿದ ಜೆರಾಕ್ಸಿಗೆ ಹೋಲಿಸಿ ನೋಡಿದೆ. "ನಂಬಿಕೆ ಇಲ್ಲವೇ?" ಎಂದು ಕೇಳಿದರು. ಇಲ್ಲ ಎಂದೆ. ಆ ಕೋಣೆಯಲ್ಲಿ ನಾನು ಹೇಳಿದ ಒಂದೇ ನಿಜ ಅದು.

ಹೊರಗೆ ಬಂದಾಗ ಸ್ಫೂರ್ತಿ ಕವರ್ ನೋಡಿದಳು, ಆಮೇಲೆ ನನ್ನ ಹೆಬ್ಬೆರಳು ನೋಡಿದಳು. ಥ್ಯಾಂಕ್ಸ್ ಹೇಳಲಿಲ್ಲ. "ಹಸಿವಾಗ್ತಿದೆ" ಎಂದಳು. ಹೈವೇ ಪಕ್ಕದ ಅಂಗಡಿಯಲ್ಲಿ ಇಬ್ಬರೂ ಛೋಲೆ ಕುಲ್ಚಾ ತಿಂದೆವು. ಎರಡನೇ ತಟ್ಟೆಯನ್ನೂ ಅವಳೇ ತಿಂದಳು. ತಿನ್ನುವಾಗ ಮೇರಠ್‌ನ ಟೈರ್ ಅಂಗಡಿಯವರಿಗೆ ಫೋನ್ ಮಾಡಿ, ಅಂಕಲ್, ನಾನು ಮನೆಗೆ ಹೋಗ್ತಿದ್ದೀನಿ ಎಂದು ಹೇಳಿದಳು. ಅವರು ಏನು ಹೇಳಿದರೋ, ನಕ್ಕಳು. ಅವಳು ನಕ್ಕದ್ದನ್ನು ನಾನು ಜುಲೈ ಆದಮೇಲೆ ನೋಡಿದ್ದು ಇದೇ ಮೊದಲು. ನನ್ನ ಜೊತೆ ನಕ್ಕದ್ದಲ್ಲ.

ಈಗ ನಮ್ಮ ಮನೆಯಲ್ಲಿದ್ದಾಳೆ. ಅಮ್ಮ ಅವಳಿಗೆ ತಲೆಗೆ ಎಣ್ಣೆ ಹಚ್ಚುತ್ತಿದ್ದಾಳೆ. "ಹಂಸಿನಿಯ ಕಾಲೇಜ್ ಫ್ರೆಂಡ್" ಎಂದು ಪಕ್ಕದ ಮನೆಯವರಿಗೆ ಹೇಳಿಯೂ ಆಯಿತು. ನಾನು ಹೋಗಿ, ನಾನು ಯಾವ ಕಾಲೇಜಿಗೂ ಹೋಗುವುದಿಲ್ಲ ಎಂದು ಅವರಿಗೆ ಹೇಳಿ ಬಂದೆ. ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು, ಈಗ ಸರಿಯಾಗಿದ್ದಾಳೆ.

ಅಪ್ಪ ಆಫೀಸಿನಿಂದ ಬಂದ ಮೇಲೆ ನನ್ನ ಹತ್ತಿರವಿದ್ದ ಪ್ರತಿಯನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಡ್ರಾಫ್ಟ್ ಸರಿಯಿಲ್ಲ, ಎರಡು ಕಡೆ ತಾರೀಖು ಬೇರೆ ಬೇರೆ ಇದೆ" ಎಂದರು. ತುಂಬ ಹೊತ್ತು ಮಡಿಚಿದರು, ಬಿಚ್ಚಿದರು. ಕೊನೆಗೆ, "ಬೇರೆಯವರ ಮಗಳಿಗೆ ಬರೆದುಕೊಟ್ಟೆ" ಎಂದರು. ಬೈದದ್ದೋ, ಅಲ್ಲವೋ, ನನಗೆ ಗೊತ್ತಾಗಲಿಲ್ಲ. ಮೂರು ವರ್ಷದಲ್ಲಿ ಅವರು ನನ್ನ ಜೊತೆ ಆಡಿದ ಹಾಲು ಗ್ಯಾಸಿನದ್ದೂ ಅರ್ಜಿಯದ್ದೂ ಅಲ್ಲದ ಮಾತು ಅದೊಂದೇ.

ನಾನು ಮಾಡಿದ್ದು ಸರಿ ಎಂದು ನನಗೆ ಅನಿಸುತ್ತಿಲ್ಲ ಆಂಟಿ. ಜನವರಿಯಲ್ಲಿ ಯಾರದೋ ತಾಯಿ ಬಾಡಿಗೆ ಮೈಕ್ರೋಸ್ಕೋಪಿಗೆ ಕಣ್ಣಿಡುತ್ತಾಳೆ. ನಾನು ಗೇಟಿನ ಹೊರಗೆ ನಿಂತು ಕೂಗಿದರೂ, ಗೇಟಿನಲ್ಲೇ ನನ್ನ ಫೋಟೋ ಇರುತ್ತದೆ, ಮಾನಸಿಕ ಸ್ಥಿತಿ ಸರಿ ಇಲ್ಲದವಳು ಎಂದು. ನಿಮ್ಮ ಮಗಳಿಗೆ ಅಂಕಪಟ್ಟಿ ಸಿಕ್ಕಿತು, ಬೇರೆಯವರ ಮಕ್ಕಳಿಗೆ ಸಾಕ್ಷಿ ಹೋಯಿತು. ಎರಡೂ ನನ್ನ ಒಂದೇ ಸಹಿಯಿಂದ. ಇದನ್ನು ಒಳ್ಳೆಯ ಕೆಲಸ ಎಂದು ನೀವು ಯಾರ ಹತ್ತಿರವೂ ಹೇಳಬೇಡಿ. ನನ್ನನ್ನು ಕ್ಷಮಿಸುವುದೂ ಬೇಡ. ಕ್ಷಮಿಸಿದರೆ ನಾನು ಇದನ್ನು ಲಾಭಕ್ಕೆ ಮಾಡಿದ ಹಾಗಾಗುತ್ತದೆ.

ಆ ಕಾಲೇಜಿನಿಂದ ಯಾರಾದರೂ ಫೋನ್ ಮಾಡಿ ಹಂಸಿನಿ ಎಂಬವಳು ಕಳ್ಳತನದಿಂದ ಒಳಗೆ ಬಂದವಳು ಎಂದು ಹೇಳಿದರೆ, ಹೌದು ಎಂದು ಹೇಳಿ ಫೋನ್ ಇಡಿ. ವಾದ ಮಾಡಲು ಹೋಗಬೇಡಿ, ಅಂಕಲ್‌ಗೂ ಹೇಳಿ.

ಅಂಕಪಟ್ಟಿ ಸ್ಫೂರ್ತಿಯ ಬ್ಯಾಗಿನ ಒಳಜೇಬಿನಲ್ಲಿದೆ, ಪ್ಲಾಸ್ಟಿಕ್ ಕವರಿನಲ್ಲಿ. ಮೂವತ್ತರ ಮಧ್ಯಾಹ್ನ ಬೆಂಗಳೂರು ಮುಟ್ಟುತ್ತಾಳೆ, ಅಂಕಲ್ ಸ್ಟೇಷನ್ನಿಗೆ ಬಂದಿರಲಿ. ಮಾರನೆಯ ದಿನ ಬೆಳಿಗ್ಗೆಯೇ ರಾಮನಗರಕ್ಕೆ ಕರೆದುಕೊಂಡು ಹೋಗಿ, ಸಂಜೆಯವರೆಗೆ ಕಾಯಬೇಡಿ. ಅವಳ ಬರ್ತ್ ಮಧ್ಯದ್ದು. ಕೆಳಗಿನದು ಸಿಗಲಿಲ್ಲ.

ಅವಳು ನಾಳೆ ಹೊರಡುತ್ತಾಳೆ.

ಹಂಸಿನಿ